ಹೊನ್ನೂರಿನಲ್ಲಿ ನಿಂತ ಹೆರಾಲ್ಡ್

ಯಳಂದೂರು ಸೀಮೆಯ ಬಯಲಿನಲ್ಲಿ ಎಲ್ಲಿ ನಿಂತರೂ ಬಿಳಿಗಿರಿರಂಗನ ಬೆಟ್ಟದ ಸಾಲು ಕಣ್ಣಿಗೆ ಬೀಳುತ್ತದೆ. ಬೆಳಗಿನ ಹೊತ್ತು ತೆಳುನೀಲಿಯಾಗಿ ಕಾಣುವ ಬೆಟ್ಟ ಬಿಸಿಲೇರಿದಂತೆ ಬೂದುಬಣ್ಣಕ್ಕೆ ತಿರುಗಿ, ಸಂಜೆಗೆ ಮತ್ತೆ ತನ್ನ ನೀಲಿಗೆ ಮರಳುತ್ತದೆ. ಹೊಲದಲ್ಲಿ ಕೆಲಸ ಮಾಡುವವರು ಆಗಾಗ ತಲೆಯೆತ್ತಿ ಆ ಕಡೆ ನೋಡುತ್ತಾರೆ, ಮೋಡ ಕೂತಿದೆಯೇ ಎಂದು.

ಆದರೆ ಬೇಸಿಗೆಯ ಒಂದು ಶನಿವಾರ ಸಂಜೆ ಹೊನ್ನೂರಿನ ಬೀದಿಯೊಂದರಲ್ಲಿ ಸೇರಿದ್ದ ಹತ್ತು ಹದಿನೈದು ಮಂದಿಗೆ ಬೆಟ್ಟದ ಕಡೆ ಗಮನವಿರಲಿಲ್ಲ. ಅವರು ನೋಡುತ್ತಿದ್ದುದು ಕೆನೆಬಣ್ಣದ ಒಂದು ಪುಟ್ಟ ಕಾರನ್ನು. ಎರಡೇ ಬಾಗಿಲು, ಹಿಂಭಾಗದಲ್ಲಿ ಮೀನಿನ ರೆಕ್ಕೆಯಂತೆ ಚೂಪಾದ ಅಂಚು. ಮುಂಭಾಗದಿಂದ ಹಬೆ ಬುಸುಗುಟ್ಟುತ್ತಿತ್ತು. ಕೆಳಗೆ ಮಣ್ಣಿನಲ್ಲಿ ನೀರು ಹರಿದು ಗೆರೆ ಬಿದ್ದಿತ್ತು.

ಕಾರಿನಲ್ಲಿ ಬಂದವರು ಮೂವರು. ಮೈಸೂರಿನ ಒಬ್ಬ ಗೃಹಸ್ಥರು, ಎರಡನೆಯ ಪಿಯುಸಿ ಓದುತ್ತಿದ್ದ ಅವರ ಮಗಳು, ಎಂಬತ್ತರ ಸಮೀಪದಲ್ಲಿದ್ದ ಅವರ ತಾಯಿ. ಹೊನ್ನೂರು ಅಜ್ಜಿಯ ತವರು. ರಾತ್ರಿ ತಮ್ಮನ ಮನೆಯಲ್ಲಿ ಉಳಿದು, ಭಾನುವಾರ ಬೆಳಗ್ಗೆ ಅದೇ ಕಾರಿನಲ್ಲಿ ಬೆಟ್ಟ ಹತ್ತಿ ರಂಗಪ್ಪನ ದರ್ಶನ ಮಾಡಬೇಕೆಂಬುದು ಅವರ ಆಸೆ. ಐವತ್ತು ವರ್ಷಗಳ ಹಿಂದೆ ಗಂಡ ಅವರನ್ನು ಬೆಟ್ಟಕ್ಕೆ ಕರೆದೊಯ್ದಿದ್ದೂ ಇದೇ ಕಾರಿನಲ್ಲಿ. ಗಂಡ ಈಗಿಲ್ಲ, ಕಾರು ಉಳಿದಿದೆ. ಈ ವಯಸ್ಸಿನಲ್ಲಿ ಮತ್ತೊಮ್ಮೆ ಬರುವುದು ಆಗುತ್ತದೋ ಇಲ್ಲವೋ ಎಂಬ ಮಾತನ್ನು ಅವರು ದಾರಿಯುದ್ದಕ್ಕೂ ಎರಡು ಮೂರು ಬಾರಿ ಆಡಿದ್ದರು.

ಹೊನ್ನುಹೊಳೆಯ ಸೀಮೆ

ರಾಜ್ಯದ ಅತಿ ಸಣ್ಣ ತಾಲ್ಲೂಕುಗಳಲ್ಲಿ ಯಳಂದೂರು ಒಂದು. ವಿಸ್ತಾರ ಕಡಿಮೆಯಾದರೂ ನೋಡುವವರಿಗೆ ಕೊರತೆಯಿಲ್ಲ. 1807ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರಿದು. ಪಟ್ಟಣದ ಗೌರೀಶ್ವರ ದೇವಾಲಯದ ಮುಂದಿನ ಬಳೆ ಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿಯಿದೆ. ಶಾಲಾ ಪ್ರವಾಸಕ್ಕೆ ಬರುವ ಮಕ್ಕಳು ಕತ್ತೆತ್ತಿ ಅದನ್ನೇ ನೋಡುತ್ತ ನಿಲ್ಲುತ್ತಾರೆ.

ಈ ಸೀಮೆಗೆ ನೀರುಣಿಸುವ ಹೊಳೆ ಸುವರ್ಣಾವತಿ. ಹಳಬರ ಬಾಯಲ್ಲಿ ಅದು ಹೊನ್ನುಹೊಳೆ. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋಗುವ ಹೆದ್ದಾರಿಯ ಪಕ್ಕ, ಅಟ್ಟುಗೂಳಿಪುರದ ಬಳಿ ಅದಕ್ಕೆ ಅಣೆಕಟ್ಟೆ ಕಟ್ಟಿದ್ದಾರೆ. ಅಲ್ಲಿಂದ ಬಯಲಿಗಿಳಿದು, ಯಳಂದೂರನ್ನು ಹಾದು, ಮುಂದೆ ಕಾವೇರಿಯನ್ನು ಸೇರುತ್ತದೆ. ಬಯಲಿನ ತುಂಬ ಕೆರೆಗಳು. ಕೆರೆಗಳ ಕೆಳಗೆ ಭತ್ತ, ಕಬ್ಬು, ತೆಂಗು. ಏರಿ, ತೂಬು, ಕೋಡಿ ಎಂಬ ಮಾತುಗಳು ಇಲ್ಲಿನ ಮಕ್ಕಳಿಗೂ ಗೊತ್ತು. ಕಾರಿನ ಕಾಯಿಲೆ ಕಂಡುಹಿಡಿಯುವಾಗ ಈ ಮಾತುಗಳೇ ನೆರವಿಗೆ ಬಂದದ್ದು ವಿಶೇಷ.

ಸ್ಪೋರ್ಟ್ಸ್ ಕಾರಿನ ಒಡಹುಟ್ಟು

ಹಬೆಯುಗುಳುತ್ತಿದ್ದ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಅಂಬಾಸಿಡರ್ ಮತ್ತು ಫಿಯಟ್ ಕಾರುಗಳ ನಡುವೆ, 1960ರ ದಶಕದಲ್ಲಿ ಭಾರತದ ರಸ್ತೆಗಳಲ್ಲಿ ಓಡಾಡಿದ ಮೂರನೆಯ ಕಾರು ಅದು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಬಂದಿತು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನು ಇಲ್ಲಿಯೇ ತಯಾರಿಸಿತು. ಎಂಜಿನ್ ಕೇವಲ 948 ಸಿಸಿ. ಇದೇ ಹೆರಾಲ್ಡಿನ ಚಾಸಿಸ್ಸನ್ನು ಮೋಟುಗೊಳಿಸಿ, ಅದೇ ವಂಶದ ಎಂಜಿನ್ನನ್ನು ಕೂರಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಕಾರನ್ನು ಮಾಡಿದರು. ಎರಡರ ರೂಪವನ್ನೂ ಬರೆದವರು ಇಟಲಿಯ ಜೊವಾನಿ ಮಿಕೆಲೋಟಿ. ಹೀಗಾಗಿ ಹೆರಾಲ್ಡ್ ಸ್ಪೋರ್ಟ್ಸ್ ಕಾರಿನ ಒಡಹುಟ್ಟು ಎಂದರೆ ತಪ್ಪಾಗದು.

ಈ ಕಾರಿನ ಎರಡು ಗುಣಗಳನ್ನು ಹೇಳಲೇಬೇಕು. ಒಂದು, ಬಹಳ ಕಿರಿದಾದ ಜಾಗದಲ್ಲಿ ಇದು ತಿರುಗಬಲ್ಲದು. ತಿರುವಿನ ವೃತ್ತ ಕೇವಲ 25 ಅಡಿ. ಘಟ್ಟದ ರಸ್ತೆಗೆ ಹೇಳಿ ಮಾಡಿಸಿದಂತಹುದು. ಇನ್ನೊಂದು, ಇದರ ಬಾನೆಟ್ ಮಾತ್ರವಲ್ಲ, ಎರಡೂ ಮಡ್‌ಗಾರ್ಡುಗಳು ಸೇರಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನು, ರೇಡಿಯೇಟರು, ಚಕ್ರಗಳು ಎಲ್ಲವೂ ಬಟಾಬಯಲು! ಪಾಠ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

‘ಮುಚ್ಚಳ ಮುಟ್ಬ್ಯಾಡ!’

ಅಜ್ಜಿಯ ತಮ್ಮನ ಮೊಮ್ಮಗ ಓಡಿಹೋಗಿ ಒಂದು ಬಿಂದಿಗೆ ತಣ್ಣೀರು ತಂದ. ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಲು ಬಗ್ಗಿದ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಗದರಿಸಿತು.

‘ಮುಟ್ಬ್ಯಾಡ! ಮುಚ್ಚಳ ಮುಟ್ಬ್ಯಾಡ ಕನಾ! ಮೊಕ ಬೆಂದೋದದು!’

ಹಾಗೆ ಕೂಗಿದವರು ಊರಿನ ಪಂಪ್‌ಸೆಟ್ ಮೇಸ್ತ್ರಿ. ಟ್ರ್ಯಾಕ್ಟರು, ಟಿಲ್ಲರು, ಬಾವಿಯ ಮೋಟಾರು ಇವುಗಳನ್ನು ರಿಪೇರಿ ಮಾಡುತ್ತ ಮೂವತ್ತು ವರ್ಷ ಕಳೆದವರು. ಅವರ ಬಲಗೈಯ ಮೇಲೆ ಮೊಣಕೈವರೆಗೂ ಹಳೆಯ ಸುಟ್ಟ ಕಲೆಯಿತ್ತು. ಹುಡುಗ ಆಗಿದ್ದಾಗ ತಾವೇ ಒಂದು ಲಾರಿಯ ಮುಚ್ಚಳ ತೆಗೆದ ನೆನಪು ಅದು.

ಕಾರಣ ಸರಳ. ಬಯಲಲ್ಲಿಟ್ಟ ಪಾತ್ರೆಯ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇದ್ದು, ಒಳಗಿನ ಒತ್ತಡವನ್ನು ಒಂದು ಮಿತಿಯವರೆಗೆ ಹಿಡಿದಿಡುತ್ತದೆ. ಪ್ರೆಷರ್ ಕುಕ್ಕರಿನ ತತ್ತ್ವವೇ ಇಲ್ಲಿಯೂ. ಹಳೆಯ ಕಾರುಗಳಲ್ಲಿ ಈ ಒತ್ತಡ ಚದರ ಅಂಗುಲಕ್ಕೆ 4ರಿಂದ 7 ಪೌಂಡ್. ಈಚಿನ ಕಾರುಗಳಲ್ಲಿ 15 ಪೌಂಡಿನ ಆಸುಪಾಸು. 7 ಪೌಂಡ್ ಒತ್ತಡದಲ್ಲಿ ನೀರಿನ ಕುದಿಬಿಂದು ಹತ್ತು ಡಿಗ್ರಿಗೂ ಹೆಚ್ಚು ಮೇಲೇರುತ್ತದೆ. ಒಳಗೆ ಹಾಗೆ ಕಾದು ನಿಂತ ನೀರಿನ ಮೇಲಿನ ಮುಚ್ಚಳವನ್ನು ತಟ್ಟನೆ ತೆಗೆದರೆ ಒತ್ತಡ ಇಳಿದು, ನೀರು ಆ ಕ್ಷಣವೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಟವೆಲು ಅದಕ್ಕೆ ಅಡ್ಡ ಬರುವುದಿಲ್ಲ.

ಬಿಂದಿಗೆಯ ತಣ್ಣೀರನ್ನೂ ಮೇಸ್ತ್ರಿ ದೂರ ಇಡಿಸಿದರು. ಕೆಂಡದಂತೆ ಕಾದ ಎರಕದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿರುವ ಲೋಹ ಸೀಳಬಹುದು. ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸ ಇಡೀ ಎಂಜಿನ್ನಿಗೇ ಸಂಚಕಾರವಾಗುತ್ತದೆ. ‘ಒಂದು ಗಂಟೆ ಸುಮ್ಕೆ ಬುಡಿ ಸಾರ್. ಕಾಪಿ ಕುಡೀರಿ. ತಣ್ಣಗಾದ್ಮೇಲೆ ಮಾತಾಡಮ’ ಎಂದರು ಮೇಸ್ತ್ರಿ.

ಸೋರಿದ್ದು ಮೊದಲೋ, ಕುದಿದದ್ದು ಮೊದಲೋ?

ಕಾಫಿಯ ನಂತರ ಮೇಸ್ತ್ರಿ ಸ್ಪ್ಯಾನರ್ ಹಿಡಿಯಲಿಲ್ಲ, ಪ್ರಶ್ನೆ ಕೇಳತೊಡಗಿದರು. ನೀರು ಕುದಿದದ್ದು ಎಲ್ಲಿ? ವೇಗವಾಗಿ ಬರುವಾಗಲೋ, ನಿಧಾನವಾಗಿ ಬರುವಾಗಲೋ? ಈ ಮೊದಲು ನೀರು ಕಡಿಮೆಯಾಗುತ್ತಿತ್ತೇ? ವಾರಕ್ಕೆ ಎಷ್ಟು?

ಮಗಳು ಒಂದು ನೋಟ್‌ಬುಕ್ಕಿನಲ್ಲಿ ಉತ್ತರಗಳನ್ನು ಬರೆದುಕೊಂಡಳು. ತಿರುಮಕೂಡಲು ನರಸೀಪುರ ದಾಟುವವರೆಗೆ ತೊಂದರೆಯಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ಸೆಕೆಂಡ್ ಗೇರಿನಲ್ಲಿ ಬಹಳ ಹೊತ್ತು ಬರಬೇಕಾದಾಗ ಮುಳ್ಳು ಮೇಲೇರಿತು. ಎರಡು ತಿಂಗಳಿಂದ ವಾರಕ್ಕೊಮ್ಮೆ ಒಂದು ಲೋಟ ನೀರು ಹಾಕಬೇಕಾಗುತ್ತಿತ್ತು. ‘ಹಳೇ ಕಾರಲ್ಲವೇ, ಕುಡಿಯುತ್ತದೆ ಎಂದುಕೊಂಡಿದ್ದೆ’ ಎಂದರು ಅಪ್ಪ.

‘ಕಾರು ನೀರು ಕುಡ್ಯಲ್ಲ ಸಾರ್. ಹೋದ ನೀರು ಎಲ್ಲಿಗೋ ಹೋಗಿರ್ಲೇಬೇಕು. ಸೋರಿ ಕಮ್ಮಿಯಾಗಿ ಕುದೀತೋ, ಕುದ್ದು ಉಕ್ಕಿ ಸೋರಿತೋ? ಅದ ಮೊದ್ಲು ಕಂಡುಕೊಳ್ಳಮ.’

ಇಡೀ ವಿಷಯದ ತಿರುಳು ಈ ಮಾತಿನಲ್ಲಿದೆ. ಎಂಜಿನ್ ಬಿಸಿಯಾಗುವುದು ಮತ್ತು ನೀರು ಸೋರುವುದು ಎರಡು ಬೇರೆ ಕಾಯಿಲೆಗಳು. ಆದರೆ ಒಂದು ಇನ್ನೊಂದನ್ನು ಹುಟ್ಟಿಸುತ್ತದೆ. ನಿಂತ ಮೇಲೆ ನೋಡಿದರೆ ಎರಡೂ ಒಟ್ಟಿಗೇ ಕಾಣುತ್ತವೆ.

ಶಾಖದ ಲೆಕ್ಕ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 3.3 ಕೋಟಿ ಜೂಲ್ ಶಕ್ತಿ ಹೊರಬೀಳುತ್ತದೆ. ಇದರಲ್ಲಿ ಚಕ್ರ ತಿರುಗಿಸಲು ಬಳಕೆಯಾಗುವುದು ಹೆಚ್ಚೆಂದರೆ ಕಾಲು ಭಾಗ. ಇನ್ನುಳಿದುದರಲ್ಲಿ ಬಹುಪಾಲು ಹೊಗೆಯೊಂದಿಗೆ ಹೋದರೆ, ಸುಮಾರು ಮೂರರಲ್ಲೊಂದು ಭಾಗ, ಅಂದರೆ 1.1 ಕೋಟಿ ಜೂಲ್, ಎಂಜಿನ್ ಸುತ್ತಲಿನ ನೀರಿಗೆ ಬರುತ್ತದೆ. ಕುದಿಯುವ ಹಂತದಲ್ಲಿರುವ ಒಂದು ಲೀಟರ್ ನೀರನ್ನು ಪೂರ್ತಿ ಹಬೆ ಮಾಡಲು ಬೇಕಾದುದು ಸುಮಾರು 22.6 ಲಕ್ಷ ಜೂಲ್. ಅಂದರೆ ಒಂದೇ ಲೀಟರ್ ಪೆಟ್ರೋಲಿನಿಂದ ನೀರಿಗೆ ಬರುವ ಶಾಖ ನಾಲ್ಕೈದು ಲೀಟರ್ ನೀರನ್ನು ಆವಿ ಮಾಡಬಲ್ಲದು! ಹೆರಾಲ್ಡಿನಲ್ಲಿ ಹಿಡಿಯುವ ನೀರೇ ಸುಮಾರು ಐದು ಲೀಟರ್. ರೇಡಿಯೇಟರ್ ಆ ಶಾಖವನ್ನು ಕ್ಷಣಕ್ಷಣವೂ ಗಾಳಿಗೆ ಬಿಟ್ಟುಕೊಡುತ್ತಿರುವುದರಿಂದಲೇ ಕಾರು ಓಡುತ್ತದೆ.

ಹಳೆಯ ಪತ್ರಿಕೆಯ ಸಾಕ್ಷಿ

ರಾತ್ರಿ ಕಾರು ಪೂರ್ತಿ ತಣ್ಣಗಾದ ಮೇಲೆ ನೀರು ತುಂಬಿಸಿ, ಮಟ್ಟಕ್ಕೆ ಒಂದು ಗುರುತು ಮಾಡಿದರು. ಒದ್ದೆಯಾಗಿದ್ದ ಭಾಗಗಳನ್ನು ಬಟ್ಟೆಯಿಂದ ಒರೆಸಿದರು. ಎಂಜಿನ್ನಿನ ಕೆಳಗೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದರು. ಮೇಸ್ತ್ರಿ ಮನೆಗೆ ಹೋದರು.

ಬೆಳಗ್ಗೆ ಆರಕ್ಕೆ ಮಗಳು ಎದ್ದು ನೋಡಿದಾಗ ಹಾಳೆಯ ಮೇಲೆ ಎರಡು ಕಲೆಗಳಿದ್ದವು. ಒಂದು ಕಪ್ಪನೆಯ ಎಣ್ಣೆಯದು, ಬೆರಳಿಗೆ ಜಾರುತ್ತಿತ್ತು. ಮತ್ತೊಂದು ಒಂದು ರೂಪಾಯಿ ನಾಣ್ಯದಷ್ಟು ಅಗಲದ, ತುಕ್ಕಿನ ಬಣ್ಣದ ಒದ್ದೆ. ಅದು ಬಿದ್ದಿದ್ದುದು ಎಂಜಿನ್ನಿನ ಮುಂತುದಿಯ ಕೆಳಗೆ, ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ.

ಅಪ್ಪನಿಗೆ ಇದ್ದ ದೊಡ್ಡ ಭಯ ಹೆಡ್ ಗ್ಯಾಸ್ಕೆಟ್ಟಿನದು. ಎಂಜಿನ್ನಿನ ತಲೆಭಾಗಕ್ಕೂ ಬುಡಕ್ಕೂ ನಡುವಿನ ಈ ತೆಳು ಹಾಳೆ ಸುಟ್ಟುಹೋದರೆ ನೀರು ಹೊರಗೆ ಕಾಣದಂತೆ ಸಿಲಿಂಡರಿನೊಳಗೇ ಸೋರುತ್ತದೆ. ಮೇಸ್ತ್ರಿ ಅದನ್ನೇ ಮೊದಲು ಪರೀಕ್ಷಿಸಿದರು. ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ನೋಡಿದರು. ಎಣ್ಣೆಗೆ ನೀರು ಬೆರೆತಿದ್ದರೆ ಅಲ್ಲಿ ಮಜ್ಜಿಗೆಯಂತಹ ಬಿಳಿಯ ನೊರೆ ಕಟ್ಟಿರುತ್ತದೆ; ಇರಲಿಲ್ಲ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಎಂಜಿನ್ ಚಾಲೂ ಮಾಡಿಸಿದರು. ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದ್ದರೆ ಗುಳ್ಳೆಗಳು ಒಂದೇ ಸಮನೆ ಬರುತ್ತವೆ, ಬರಲಿಲ್ಲ. ಎಂಜಿನ್ ಬಿಸಿಯಾದ ಮೇಲೂ ಹೊಗೆ ಕೊಳವೆಯಿಂದ ಬಿಳಿಯ ಹಬೆ ದಟ್ಟವಾಗಿ ಬಂದರೆ ಅದೂ ಒಂದು ಸೂಚನೆ, ಅದೂ ಇರಲಿಲ್ಲ. ಮಗಳು ನೋಟ್‌ಬುಕ್ಕಿನಲ್ಲಿ ಹೆಡ್ ಗ್ಯಾಸ್ಕೆಟ್ ಎಂಬ ಹೆಸರಿನ ಮೇಲೆ ಗೆರೆ ಎಳೆದಳು. ಅಪ್ಪ ನಿಟ್ಟುಸಿರು ಬಿಟ್ಟರು.

ಸೈಕಲ್ ಪಂಪಿನ ಪರೀಕ್ಷೆ

ಮುಂದಿನ ಪರೀಕ್ಷೆಗೆ ಮೇಸ್ತ್ರಿ ತಂದ ಸಲಕರಣೆ ನೋಡಿ ಎಲ್ಲರೂ ನಕ್ಕರು. ಒಂದು ಹಳೆಯ ರೇಡಿಯೇಟರ್ ಮುಚ್ಚಳಕ್ಕೆ ತೂತು ಕೊರೆದು ಸೈಕಲ್ ಟ್ಯೂಬಿನ ವಾಲ್ವ್ ಬೆಸೆದಿದ್ದರು. ಅದನ್ನು ತಣ್ಣನೆಯ ರೇಡಿಯೇಟರಿಗೆ ಬಿಗಿದು, ಸೈಕಲ್ ಪಂಪಿನಿಂದ ನಿಧಾನವಾಗಿ ಗಾಳಿ ಹೊಡೆದು, ಟೈರಿನ ಒತ್ತಡ ನೋಡುವ ಮಾಪಕದಲ್ಲಿ 7 ಪೌಂಡ್ ಆಗುತ್ತಲೇ ನಿಲ್ಲಿಸಿದರು. ಅದಕ್ಕಿಂತ ಹೆಚ್ಚಾದರೆ ಗಟ್ಟಿಯಾಗಿರುವ ಜಾಗವೂ ಬಿಟ್ಟುಕೊಂಡೀತು.

ಎಷ್ಟೋ ಸೋರಿಕೆಗಳು ಒತ್ತಡ ಏರಿದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಒತ್ತಡ ಏರುವುದು ಎಂಜಿನ್ ಕಾದಾಗ. ಆಗ ಕೈ ಹಾಕಿ ನೋಡುವಂತಿಲ್ಲ. ಕಾಯಿಸದೆಯೇ ಒತ್ತಡ ಕೊಟ್ಟರೆ ಧೈರ್ಯವಾಗಿ ಹತ್ತಿರ ಹೋಗಿ ನೋಡಬಹುದು. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಿ ಪರಿಣಾಮ ನೋಡುವ ಈ ಕ್ರಮವನ್ನೇ ಪ್ರಯೋಗಶಾಲೆಯಲ್ಲಿ ಕಲಿಸುವುದು.

ಮೊದಲು ಕಣ್ಣಿಗೆ ಬಿದ್ದದ್ದು ಮೇಲಿನ ಹೋಸ್ ಪೈಪಿನ ಕ್ಲಿಪ್ಪಿನ ಬಳಿ ಒಂದು ಹನಿ. ‘ಸಿಕ್ಕಿತು!’ ಎಂದರು ಅಪ್ಪ. ಮೇಸ್ತ್ರಿ ಕ್ಲಿಪ್ ಬಿಗಿದರು, ಹನಿ ನಿಂತಿತು. ಆದರೆ ಮಾಪಕದ ಅಂಕಿ ಮತ್ತೆ ಇಳಿಯಿತು. ಹಾಳೆಯ ಮೇಲಿನ ಕಲೆ ಹೋಸಿನ ನೇರಕ್ಕೆ ಇರಲಿಲ್ಲ ಎಂಬುದನ್ನು ಮಗಳು ನೆನಪಿಸಿದಳು.

ಆಗ ಮಾತಿಗೆ ಬಂದವರು ಅಜ್ಜಿಯ ತಮ್ಮ. ಜೀವನವಿಡೀ ಗದ್ದೆ ಮಾಡಿದವರು. ‘ಕೆರೆ ಸೋರ್ತಾ ಇದ್ರೆ ನೀರಿನ ಕಡೆ ನಿಂತು ನೋಡುದ್ರೆ ಏನೂ ಕಾಣಲ್ಲ ಕಣವ್ವ. ಏರಿಯಿಂದ ಹಿಂದುಕ್ಕೆ ಇಳ್ದು ಬುಡ ನೋಡ್ಬೇಕು. ಎಲ್ಲಿ ಹಸಿ ಐತೆ, ಅಲ್ಲಿಂದ ಮ್ಯಾಲುಕ್ಕೆ ಹುಡುಕ್ತಾ ಹೋಗ್ಬೇಕು.’

ಹಾಗೆಯೇ ಮಾಡಿದರು. ಮಗಳು ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಮಲಗಿ, ಟಾರ್ಚಿನ ಬೆಳಕಿನಲ್ಲಿ ಒದ್ದೆಯ ಜಾಡು ಹಿಡಿದು ಮೇಲಕ್ಕೆ ನೋಡಿದಳು. ಜಾಡು ನಿಂತದ್ದು ವಾಟರ್ ಪಂಪಿನ ಹೊಟ್ಟೆಯ ಕೆಳಗಿರುವ ಒಂದು ಸಣ್ಣ ರಂಧ್ರದಲ್ಲಿ. ಅಲ್ಲಿ ನೀರು ಮಣಿಯಂತೆ ಕಟ್ಟಿ, ತೊಟ್ಟಿಕ್ಕುತ್ತಿತ್ತು.

ಈ ರಂಧ್ರ ಒಡಕಲ್ಲ. ತಯಾರಿಸಿದವರೇ ಇಟ್ಟಿರುವ ಸುಳಿವು. ಪಂಪಿನ ದಂಡದ ಸುತ್ತ ನೀರು ಹೊರಬಾರದಂತೆ ತಡೆಯುವ ಸೀಲು ಸವೆದಾಗ, ಬಂದ ನೀರು ಬೇರಿಂಗಿಗೆ ಹೋಗದೆ ಈ ತೂತಿನಿಂದ ಹೊರಬಿದ್ದು ಎಚ್ಚರಿಸುತ್ತದೆ. ಅದನ್ನು ಎಂ-ಸೀಲ್ ಮೆತ್ತಿ ಮುಚ್ಚುವವರೂ ಇದ್ದಾರೆ. ಹಾಗೆ ಮಾಡಿದರೆ ನೀರು ಬೇರಿಂಗನ್ನು ತಿನ್ನುತ್ತದೆ.

ಹಂಡೆಯೊಳಗಿನ ಸುಣ್ಣ

ಸೋರಿಕೆ ಸಿಕ್ಕಿತು. ಆದರೆ ವಾರಕ್ಕೆ ಒಂದು ಲೋಟ ಹೋಗುವ ಸೋರಿಕೆಗೆ ಕಾರು ಅಷ್ಟು ಜೋರಾಗಿ ಕುದಿಯಬೇಕೇ? ಮೇಸ್ತ್ರಿಗೆ ಸಮಾಧಾನವಾಗಲಿಲ್ಲ.

ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಬಿಗಿ ಸರಿಯಿತ್ತು. ಥರ್ಮೋಸ್ಟಾಟನ್ನು ಬಿಚ್ಚಿ ತೆಗೆದರು. ಎಂಜಿನ್ ತಣ್ಣಗಿರುವಾಗ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಸುಮಾರು 80 ಡಿಗ್ರಿ ದಾಟಿದ ಮೇಲೆ ದಾರಿ ಬಿಡುವ ಪುಟ್ಟ ತೂಬು ಅದು. ಅಡುಗೆಮನೆಯಲ್ಲಿ ನೀರಿಟ್ಟ ಪಾತ್ರೆಯೊಳಗೆ ದಾರದಿಂದ ಅದನ್ನು ಇಳಿಬಿಟ್ಟು ಒಲೆ ಹಚ್ಚಿದರು. ನೀರು ಕುದಿಯುವುದಕ್ಕೆ ಮುನ್ನವೇ ಅದರ ಬಾಯಿ ತೆರೆಯಿತು. ಅಲ್ಲಿಗೆ ಅದೂ ನಿರ್ದೋಷಿ.

ಅದನ್ನು ಮತ್ತೆ ಜೋಡಿಸಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿದರು. ಫ್ಯಾನು ಪೂರ್ತಿ ನಿಂತ ಮೇಲೆ ರೇಡಿಯೇಟರಿನ ಮೈಯನ್ನು ಬೆರಳ ತುದಿಯಿಂದ ಅಲ್ಲಲ್ಲಿ ಮುಟ್ಟುತ್ತ ಬಂದರು. ಮೇಲ್ಭಾಗ ಬಿಸಿ, ನಡುವೆ ಬಿಸಿ; ಕೆಳಗಿನ ಎಡಮೂಲೆಯಲ್ಲಿ ಒಂದು ಅಂಗೈ ಅಗಲ ತಣ್ಣಗಿತ್ತು. ನೀರು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಯಾಕೆ ಎಂಬುದಕ್ಕೆ ಉತ್ತರ ಕೊಟ್ಟದ್ದು ಅದೇ ಮನೆಯ ಬಚ್ಚಲ ಹಂಡೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೋಡೆಯಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟಿರುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೋನೇಟ್ ಕಾದಾಗ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಹಂಡೆಯಲ್ಲಿ ಅದು ಸೌದೆಯನ್ನು ಹೆಚ್ಚು ಉರಿಸುತ್ತದೆ, ಅಷ್ಟೆ. ಹುಲ್ಲುಕಡ್ಡಿ ಗಾತ್ರದ ರೇಡಿಯೇಟರ್ ಕೊಳವೆಗಳಲ್ಲಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಸೋರಿದಾಗಲೆಲ್ಲ ಸಿಕ್ಕಿದ ನಲ್ಲಿಯ ನೀರು ತುಂಬಿಸುತ್ತ ಬಂದ ಫಲ ಇದು.

ಈಗ ಮೇಸ್ತ್ರಿಯ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಮೊದಲು ಪಂಪು ಸೋರಿತು. ಸೋರಿದ್ದಕ್ಕೆ ಗಡಸು ನೀರು ಸುರಿದರು. ಅದರಿಂದ ಕೊಳವೆಗಳು ಕಟ್ಟಿಕೊಂಡವು. ಸಮತಟ್ಟು ರಸ್ತೆಯಲ್ಲಿ ಉಳಿದ ಕೊಳವೆಗಳು ಹೇಗೋ ನಿಭಾಯಿಸಿದವು. ಎದುರುಗಾಳಿಯಿಲ್ಲದೆ ಸೆಕೆಂಡ್ ಗೇರಿನಲ್ಲಿ ತೆವಳುವಾಗ ಸಾಲದೆ ಹೋದವು.

ಅಜ್ಜಿಯ ತೀರ್ಮಾನ

ಗಂಟೆ ಒಂಬತ್ತಾಗಿತ್ತು. ‘ಎರಡು ಕ್ಯಾನ್ ನೀರು ಇಟ್ಟುಕೊಂಡು ನಿಧಾನವಾಗಿ ಹೋದರೆ ಆಗದೇ?’ ಎಂದು ಅಪ್ಪ ಕೇಳಿದರು. ಅವರಿಗೆ ತಾಯಿಯ ಮುಖ ನೋಡಲು ಕಷ್ಟವಾಗಿತ್ತು.

ಮಗಳು ನೋಟ್‌ಬುಕ್ ಮುಂದಿಟ್ಟಳು. ಯಳಂದೂರಿನಿಂದ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರ್. ಬಯಲು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದರೆ ಬೆಟ್ಟ ಐದು ಸಾವಿರ ಅಡಿಯ ಆಸುಪಾಸು, ಅಂದರೆ 1,500 ಮೀಟರ್. ಇಷ್ಟು ಎತ್ತರಕ್ಕೆ ಕಾರನ್ನೂ ಜನರನ್ನೂ ಎತ್ತುವುದಕ್ಕಾಗಿಯೇ ಸುಮಾರು ಒಂದು ಲೀಟರ್ ಪೆಟ್ರೋಲ್ ಹೆಚ್ಚು ಉರಿಯಬೇಕು. ಆ ಶಾಖವನ್ನು ಹೊರಹಾಕಲು ಅರೆಮುಚ್ಚಿದ ರೇಡಿಯೇಟರು. ಅದೂ ಅಲ್ಲದೆ ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಕುದಿಬಿಂದು ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಒತ್ತಡ ಹಿಡಿಯದ ರೇಡಿಯೇಟರಿನಲ್ಲಿ ಬೆಟ್ಟದ ಮೇಲೆ ನೀರು 95 ಡಿಗ್ರಿಗೇ ಕುದಿಯುತ್ತದೆ.

ಮೇಸ್ತ್ರಿ ಇನ್ನೊಂದು ಮಾತು ಸೇರಿಸಿದರು. ಗುಂಬಳ್ಳಿಯ ಚೆಕ್‌ಪೋಸ್ಟ್ ದಾಟಿದ ಮೇಲೆ ಇರುವುದು ಕಾಡು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡಿನಲ್ಲಿ, ಆನೆ ಓಡಾಡುವ ದಾರಿಯಲ್ಲಿ, ಒಂದು ಗಂಟೆ ಕಾರು ತಣ್ಣಗಾಗಲಿ ಎಂದು ಕಾಯುತ್ತ ನಿಲ್ಲುವಂತಿಲ್ಲ.

ಎಲ್ಲರೂ ಸುಮ್ಮನಾದರು. ಮಾತನಾಡಿದವರು ಅಜ್ಜಿ.

‘ನಿಮ್ಮಪ್ಪ ಇದ್ದಿದ್ರೂ ಇವತ್ತು ಇದ ಹತ್ತುಸ್ತಿರ್ಲಿಲ್ಲ ಮಗ. ಕಾರು ಇಲ್ಲೇ ಇರ್ಲಿ. ಬಸ್ಸಿಗೆ ಹೋಗಮ ನಡೀರಿ.’

ರಂಗಪ್ಪನ ಪಾದರಕ್ಷೆ

ಯಳಂದೂರಿನಿಂದ ಹೊರಟ ಸರ್ಕಾರಿ ಬಸ್ಸಿನಲ್ಲಿ ಅಜ್ಜಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಹಿಳೆಯರ ಉಚಿತ ಪ್ರಯಾಣಕ್ಕಾಗಿ 2023ರಲ್ಲಿ ಬಂದ ಶಕ್ತಿ ಯೋಜನೆಯಿಂದಾಗಿ ಆ ದಿನ ದುಡ್ಡು ಕೊಟ್ಟು ಟಿಕೆಟ್ ಪಡೆದದ್ದು ಅಪ್ಪ ಒಬ್ಬರೇ. ಗುಂಬಳ್ಳಿ ದಾಟಿ, ಕೃಷ್ಣಯ್ಯನ ಕಟ್ಟೆಯ ನೀರನ್ನು ಹಿಂದೆ ಬಿಟ್ಟು, ಬಸ್ಸು ತಿರುವುಗಳನ್ನು ಏರತೊಡಗಿತು. ಕೆಳಗೆ ಒಣಗಿ ನಿಂತಿದ್ದ ಕುರುಚಲು ಕಾಡು ಮೇಲೇರಿದಂತೆ ಹಸಿರಾಯಿತು. ಕಿಟಕಿಯ ಗಾಳಿ ತಣ್ಣಗಾಯಿತು. ಡ್ರೈವರು ಗೇರು ಇಳಿಸಿದಾಗಲೆಲ್ಲ ಮಗಳು ಡ್ಯಾಶ್‌ಬೋರ್ಡಿನ ಕಡೆ ಕತ್ತು ಚಾಚುತ್ತಿದ್ದಳು, ಮುಳ್ಳು ಎಲ್ಲಿದೆ ಎಂದು.

ಬೆಟ್ಟದ ಬಿಳಿಯ ಬಂಡೆಯ ನೆತ್ತಿಯಲ್ಲಿ ರಂಗನಾಥನ ಗುಡಿ. ಕೆಳಗೆ ನೋಡಿದರೆ ಪಾತಾಳದಂತಹ ಕಣಿವೆ. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರ ಹೆಣ್ಣನ್ನು ರಂಗಪ್ಪ ಮದುವೆಯಾದನೆಂದು ಕಥೆ. ಆದ್ದರಿಂದ ಸೋಲಿಗರಿಗೆ ದೇವರೇ ಭಾವ! ಬಯಲಿನ ಬೂದಿತಿಟ್ಟು ಗ್ರಾಮದ ಭಕ್ತರು ಎರಡು ವರ್ಷಕ್ಕೊಮ್ಮೆ ತೊಗಲಿನ ದೊಡ್ಡ ಪಾದರಕ್ಷೆಗಳನ್ನು ಮಾಡಿ ದೇವರಿಗೆ ಒಪ್ಪಿಸುತ್ತಾರೆ. ರಂಗಪ್ಪ ಅವನ್ನು ಮೆಟ್ಟಿ ರಾತ್ರಿ ಹೊತ್ತು ಕಾಡು ಸುತ್ತುತ್ತಾನೆ. ಸವೆದ ಮೇಲೆ ಹೊಸತು ಬೇಕಾಗುತ್ತದೆ ಎಂಬುದು ನಂಬಿಕೆ.

ಅಜ್ಜಿ ಆ ಪಾದರಕ್ಷೆಗಳ ಮುಂದೆ ಬಹಳ ಹೊತ್ತು ನಿಂತರು. ‘ದೇವರ ಮೆಟ್ಟೇ ಸವೀತದೆ. ನಿಮ್ಮ ತಾತನ ಕಾರು ಸವೆಯದು ಏನು ಹೆಚ್ಚಲ್ಲ’ ಎಂದು ಮೊಮ್ಮಗಳಿಗೆ ಹೇಳಿದರು.

ರಿಪೇರಿ

ಹೆರಾಲ್ಡ್ ಹೊನ್ನೂರಿನಲ್ಲಿ ಐದು ವಾರ ನಿಂತಿತು. ತಯಾರಿಕೆ ನಿಂತು ಅರ್ಧ ಶತಮಾನ ಕಳೆದ ಕಾರಿಗೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಮೇಸ್ತ್ರಿ ಪಂಪನ್ನು ಬಿಚ್ಚಿ, ಸೀಲಿನ ಅಳತೆ ತೆಗೆದು, ಅದೇ ಗಾತ್ರದ ಸೀಲು ಮತ್ತು ಬೇರಿಂಗನ್ನು ಹುಡುಕಿ ತರಿಸಿದರು. ರೇಡಿಯೇಟರನ್ನು ಮೈಸೂರಿಗೆ ಕಳಿಸಿ, ಮೇಲಿನ ತೊಟ್ಟಿ ಬಿಚ್ಚಿಸಿ, ಕೊಳವೆಗಳಿಗೆ ಸಪೂರ ಸಲಾಕಿ ತೂರಿಸಿ ಸುಣ್ಣ ತೆಗೆಸಲಾಯಿತು. ಹೋಸುಗಳನ್ನೂ ಕ್ಲಿಪ್ಪುಗಳನ್ನೂ ಹೊಸದಾಗಿ ಹಾಕಿದರು.

ನಲ್ಲಿಯ ನೀರಿನ ಬದಲು ಬಟ್ಟಿ ಇಳಿಸಿದ ನೀರು ಮತ್ತು ಕೂಲೆಂಟ್ ಬೆರೆಸಿ ತುಂಬಿಸಿದರು. ಕೂಲೆಂಟಿನಲ್ಲಿರುವ ಗ್ಲೈಕಾಲ್ ಕುದಿಬಿಂದುವನ್ನು ಏರಿಸುತ್ತದೆ. ಅದರ ಜೊತೆಗಿರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಬಣ್ಣವಿರುವುದರಿಂದ ಸೋರಿದರೆ ಬೇಗ ಕಾಣುತ್ತದೆ. ಆದರೆ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕಿದರೂ ಮಗು ಬಾಯಿಗಿಟ್ಟರೂ ಪ್ರಾಣಕ್ಕೇ ಅಪಾಯ. ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು. ಉಳಿದುದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಇಡಬಾರದು.

ಹೊಸ ಕಾರಿರುವವರಿಗೂ ಕೆಲವು ಮಾತು ಉಪಯುಕ್ತ. ಮುಳ್ಳು ಕೆಂಪಿನ ಕಡೆ ಏರಿದರೆ ಏಸಿ ಆರಿಸಿ, ಸುರಕ್ಷಿತ ಜಾಗ ಸಿಕ್ಕಿದೊಡನೆ ನಿಲ್ಲಿಸಬೇಕು. ನೀರು ತೀರ ಕಡಿಮೆಯಾದರೆ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯುವುದೂ ಉಂಟು; ಅಳೆಯುವ ತುದಿಗೆ ನೀರೇ ತಾಗದಿರುವುದು ಅದಕ್ಕೆ ಕಾರಣ. ಅದನ್ನು ಕಂಡು ತಣ್ಣಗಾಯಿತೆಂದು ಮೋಸಹೋಗಬಾರದು. ನೀರಿನ ಮಟ್ಟ ಮತ್ತೆ ಮತ್ತೆ ಇಳಿಯುತ್ತಿದ್ದರೆ ತುಂಬಿಸಿ ಸುಮ್ಮನಾಗದೆ, ಒಂದು ರಾತ್ರಿ ಕಾರಿನ ಕೆಳಗೆ ಹಳೆಯ ಪತ್ರಿಕೆ ಹಾಸಿ ನೋಡಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಒಂದು ಭಾನುವಾರ ಅಪ್ಪ, ಮಗಳು ಮತ್ತೆ ಹೊನ್ನೂರಿಗೆ ಬಂದರು. ಜೊತೆಗೆ ಅಜ್ಜಿಯೂ ಇದ್ದರು. ಮೇಸ್ತ್ರಿ ಸೈಕಲ್ ಪಂಪಿನ ಪರೀಕ್ಷೆಯನ್ನು ಎಲ್ಲರೆದುರು ಇನ್ನೊಮ್ಮೆ ಮಾಡಿ ತೋರಿಸಿದರು. ಹತ್ತು ನಿಮಿಷವಾದರೂ ಮಾಪಕದ ಅಂಕಿ ಇಳಿಯಲಿಲ್ಲ. ಕೂಲಿಯ ಜೊತೆಗೆ ಮಗಳು ಅವರಿಗೆ ತನ್ನ ನೋಟ್‌ಬುಕ್ಕಿನ ಆ ಪುಟಗಳ ಪ್ರತಿಯನ್ನು ಕೊಟ್ಟಳು. ‘ಓದಾದ್ಮೇಲೆ ಬಾ ಕೂಸೇ, ಟ್ರ್ಯಾಕ್ಟರು ಬಿಚ್ಚಮ’ ಎಂದು ಮೇಸ್ತ್ರಿ ನಕ್ಕರು.

ಅಜ್ಜಿ ಮುಂದಿನ ಸೀಟಿನಲ್ಲಿ ಕುಳಿತರು. ಮಳೆಗೆ ತೊಳೆದಂತಿದ್ದ ಬೆಟ್ಟ ಎದುರಿಗೇ ಇತ್ತು. ಗುಂಬಳ್ಳಿಯ ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ ಹೊರಟ ಹೆರಾಲ್ಡ್, ಅರ್ಧ ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಬೆಟ್ಟ ಹತ್ತಿತು.